ಕನ್ನಡಿಯೊಳಗಿನ ಕೆಸರು

ಕೆಂಪು ಮಣ್ಣಿನ ವಿಶಾಲ ಬಯಲು. ಹಿನ್ನೆಲೆಯಲ್ಲಿ ಗೋಪುರಗಳಂತೆ ಎದ್ದು ನಿಂತ ಬಂಡೆಗಳು. ಬೈಕು, ಬಗ್ಗಿ, ಟ್ರಕ್ಕುಗಳು ಒಂದನ್ನೊಂದು ಒತ್ತಿಕೊಂಡು ನುಗ್ಗುತ್ತಿವೆ. ಚಕ್ರಗಳಡಿಯಿಂದ ಕೆಸರು ಆಳೆತ್ತರಕ್ಕೆ ಚಿಮ್ಮುತ್ತಿದೆ. ಡಿಕ್ಕಿಯಾದ ವಾಹನಗಳ ಬಿಡಿಭಾಗಗಳು ಗಾಳಿಯಲ್ಲಿ ಹಾರುತ್ತಿವೆ. 2005ರ ಮೇ ತಿಂಗಳಲ್ಲಿ, ಲಾಸ್ ಏಂಜಲೀಸ್‌ನಲ್ಲಿ ನಡೆಯುತ್ತಿದ್ದ ಇ3 ಎಂಬ ವೀಡಿಯೊ ಗೇಮ್ ಮೇಳದ ಸಂದರ್ಭದಲ್ಲಿ, ಸೋನಿ ಸಂಸ್ಥೆ ತನ್ನ ಹೊಸ ಯಂತ್ರ ಪ್ಲೇಸ್ಟೇಷನ್ 3ನ್ನು ಪರಿಚಯಿಸುತ್ತಾ ಈ ದೃಶ್ಯವನ್ನು ತೋರಿಸಿತು. ಆಟದ ಹೆಸರು ಮೋಟಾರ್‌ಸ್ಟಾರ್ಮ್. ಯಂತ್ರ ಅಂಗಡಿಗೆ ಬರಲು ಆಗ ಇನ್ನೂ ಒಂದೂವರೆ ವರ್ಷವಿತ್ತು. ಆದರೆ ಆ ಚಿಕ್ಕ ದೃಶ್ಯಾವಳಿ ಕೆಲವೇ ದಿನಗಳಲ್ಲಿ ಜಗತ್ತಿನಾದ್ಯಂತ ಹರಿದಾಡಿತು. ‘ಮುಂದಿನ ಪೀಳಿಗೆಯ ಆಟ ಎಂದರೆ ಇದು’ ಎಂದು ಲಕ್ಷಾಂತರ ಹುಡುಗರು ನಿರ್ಧರಿಸಿಬಿಟ್ಟರು.

ಅವರು ನೋಡಿದ್ದು ಆಟವನ್ನಲ್ಲ. ಆಟ ಮುಂದೆ ಹೀಗಿರಬಹುದು ಎಂದು ಕಲ್ಪಿಸಿ, ಮೊದಲೇ ತಯಾರಿಸಿಟ್ಟ ಒಂದು ಅನಿಮೇಷನ್ ಚಿತ್ರವನ್ನು. ಉದ್ಯಮದ ಭಾಷೆಯಲ್ಲಿ ಇದನ್ನು ‘ಟಾರ್ಗೆಟ್ ರೆಂಡರ್’ ಎನ್ನುತ್ತಾರೆ. ನಾವು ಕನ್ನಡದಲ್ಲಿ ‘ಗುರಿಚಿತ್ರ’ ಎನ್ನಬಹುದು. ತಲುಪಬೇಕಾದ ಗುರಿಯನ್ನು ಮೊದಲೇ ಬಿಡಿಸಿಟ್ಟುಕೊಳ್ಳುವುದು ತಪ್ಪಲ್ಲ. ಆ ಗುರಿಯನ್ನೇ ಸಾಧನೆ ಎಂಬಂತೆ ಜನರ ಮುಂದೆ ಇಟ್ಟಾಗ ಏನಾಗುತ್ತದೆ ಎಂಬುದು ನಮ್ಮ ಪ್ರಶ್ನೆ.

ಇಪ್ಪತ್ತು ವರ್ಷಗಳ ಹಿಂದಿನ ಒಂದು ಆಟದ ಬಗ್ಗೆ ಈಗ ಬರೆಯುವುದೇಕೆ ಎಂದು ಓದುಗರು ಕೇಳಬಹುದು. ಇಂದಿಗೂ ಪ್ರತಿ ವರ್ಷ ಇಂಥದೇ ಒಂದು ‘ಬರಲಿರುವ’ ಆಟದ ಟ್ರೇಲರ್ ನಮ್ಮ ಮನೆಗಳ ಮೊಬೈಲ್ ಪರದೆಗಳಿಗೆ ಬರುತ್ತದೆ. ಮರಳು, ಕಾಡು, ಹಿಮ, ಕೆಸರು, ಅವುಗಳ ಮೇಲೆ ಹಾರುವ ಜೀಪುಗಳು. ನಮ್ಮ ಮಕ್ಕಳು ಅದನ್ನು ಮತ್ತೆ ಮತ್ತೆ ನೋಡುತ್ತಾರೆ, ಬಿಡುಗಡೆಯ ದಿನವನ್ನು ಲೆಕ್ಕ ಹಾಕುತ್ತಾರೆ, ಮನೆಯಲ್ಲಿ ಹಣ ಕೇಳುತ್ತಾರೆ. ಈ ಕಾಯುವಿಕೆ ಹೇಗೆ ಹುಟ್ಟುತ್ತದೆ, ಅದರಿಂದ ಯಾರಿಗೆ ಲಾಭ ಎಂಬುದನ್ನು ತಿಳಿಯಲು ಮೋಟಾರ್‌ಸ್ಟಾರ್ಮ್‌ನಷ್ಟು ಸ್ಪಷ್ಟವಾದ ಉದಾಹರಣೆ ನಮಗೆ ಬೇರೆ ಕಾಣುತ್ತಿಲ್ಲ. ಯಾಕೆಂದರೆ ಇದರ ಕಥೆ ಆರಂಭದಿಂದ ಅಂತ್ಯದವರೆಗೆ ಈಗ ನಮ್ಮ ಮುಂದಿದೆ.

ಮದುವೆ ಮನೆಯ ಅಡುಗೆ, ಹೋಟೆಲಿನ ದೋಸೆ

ಕಂಪ್ಯೂಟರ್ ಚಲಿಸುವ ಚಿತ್ರ ಬಿಡಿಸುವುದರಲ್ಲಿ ಎರಡು ಬಗೆಗಳಿವೆ. ಒಂದು ಸಿನಿಮಾದ ಬಗೆ. ಇಲ್ಲಿ ಪ್ರತಿಯೊಂದು ಚಿತ್ರವನ್ನೂ ಮೊದಲೇ ಲೆಕ್ಕ ಹಾಕಿ ಬಿಡಿಸಿ ಇಡಲಾಗುತ್ತದೆ. ಒಂದು ಚಿತ್ರಕ್ಕೆ ಒಂದು ನಿಮಿಷ ಹಿಡಿಯಲಿ, ಒಂದು ತಾಸು ಹಿಡಿಯಲಿ, ನೋಡುಗನಿಗೆ ಅದು ಗೊತ್ತಾಗುವುದಿಲ್ಲ. ಸೆಕೆಂಡಿಗೆ 30 ಚಿತ್ರಗಳಂತೆ ಒಂದು ನಿಮಿಷದ ದೃಶ್ಯಕ್ಕೆ 1,800 ಚಿತ್ರಗಳು ಬೇಕು. ಒಂದೊಂದಕ್ಕೆ ಒಂದು ತಾಸು ಎಂದಿಟ್ಟುಕೊಂಡರೂ ಒಂದೇ ಕಂಪ್ಯೂಟರಿಗೆ 75 ದಿನಗಳ ಕೆಲಸವಾಯಿತು. ಹತ್ತಾರು, ನೂರಾರು ಕಂಪ್ಯೂಟರುಗಳನ್ನು ಜೋಡಿಸಿದರೆ ಅದು ಬೇಗ ಮುಗಿಯುತ್ತದೆ. ಇದು ಮದುವೆ ಮನೆಯ ಅಡುಗೆಯಂತೆ. ರಾತ್ರಿಯಿಡೀ ಬೇಯಿಸಬಹುದು, ರುಚಿ ನೋಡಿ ತಿದ್ದಬಹುದು, ಎಲ್ಲ ಸರಿಯಾದ ಮೇಲೆ ಎಲೆ ಹಾಕಬಹುದು.

ಇನ್ನೊಂದು ಆಟದ ಬಗೆ. ಇದು ಹೋಟೆಲಿನ ಕಾವಲಿಯ ಮೇಲಿನ ದೋಸೆ. ಗಿರಾಕಿ ಕೇಳಿದ ಮೇಲೆಯೇ ಹುಯ್ಯಬೇಕು. ಆಡುವ ಹುಡುಗ ಬಲಕ್ಕೆ ತಿರುಗಿಸುತ್ತಾನೋ ಎಡಕ್ಕೆ ತಿರುಗಿಸುತ್ತಾನೋ ಯಂತ್ರಕ್ಕೆ ಮೊದಲೇ ತಿಳಿಯದು. ಅವನು ಗುಂಡಿ ಒತ್ತಿದ ಕ್ಷಣದಲ್ಲಿ ವಾಹನ ಎಲ್ಲಿದೆ, ನೆಲ ಹೇಗಿದೆ, ಬೆಳಕು ಎಲ್ಲಿಂದ ಬೀಳುತ್ತಿದೆ, ಧೂಳು ಎತ್ತ ಹಾರಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ ಚಿತ್ರ ಬಿಡಿಸಬೇಕು. ಅದಕ್ಕೆ ಸಿಗುವ ಸಮಯ ಒಂದು ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ, ಅಂದರೆ ಸುಮಾರು 33 ಮಿಲಿಸೆಕೆಂಡ್. ಮೋಟಾರ್‌ಸ್ಟಾರ್ಮ್ ಆಟದ ಚಿತ್ರದ ಅಳತೆ 1280 ಅಡ್ಡ, 720 ಉದ್ದ. ಒಂದು ಚಿತ್ರದಲ್ಲಿ 9,21,600 ಚುಕ್ಕಿಗಳು. ಸೆಕೆಂಡಿಗೆ 30 ಚಿತ್ರಗಳಾದರೆ 2 ಕೋಟಿ 76 ಲಕ್ಷ ಚುಕ್ಕಿಗಳು. ಪ್ರತಿಯೊಂದರ ಬಣ್ಣವನ್ನೂ ಆ ಕ್ಷಣದಲ್ಲೇ ತೀರ್ಮಾನಿಸಬೇಕು.

ಈ ಕೆಲಸಕ್ಕಾಗಿ ಪ್ಲೇಸ್ಟೇಷನ್ 3ರಲ್ಲಿ ಇದ್ದದ್ದು ಸೋನಿ, ತೋಷಿಬಾ, ಐಬಿಎಂ ಸೇರಿ ರೂಪಿಸಿದ ‘ಸೆಲ್’ ಎಂಬ ಪ್ರೊಸೆಸರ್ ಮತ್ತು ಎನ್ವಿಡಿಯಾ ಜೊತೆಗೂಡಿ ತಯಾರಿಸಿದ ಒಂದು ಗ್ರಾಫಿಕ್ಸ್ ಚಿಪ್. ಸೆಲ್‌ನ ವೇಗ 3.2 ಗಿಗಾಹರ್ಟ್ಸ್. ಅದರೊಳಗೆ ಯಜಮಾನನಂತಹ ಒಂದು ಮುಖ್ಯ ಘಟಕ, ಅವನ ಕೈಕೆಳಗೆ ಲೆಕ್ಕ ಮಾಡುವ ಏಳು ಸಹಾಯಕ ಘಟಕಗಳು. ಕೆಲಸವನ್ನು ತುಂಡು ತುಂಡು ಮಾಡಿ ಸಹಾಯಕರಿಗೆ ಸರಿಯಾಗಿ ಹಂಚಿದರೆ ಅದ್ಭುತ ವೇಗ, ಹಂಚಲು ತಿಳಿಯದಿದ್ದರೆ ಸಹಾಯಕರು ಸುಮ್ಮನೆ ಕೂತಿರುತ್ತಾರೆ. ಆದ್ದರಿಂದ ಇದು ಪ್ರೋಗ್ರಾಮ್ ಬರೆಯುವವರಿಗೆ ತಲೆನೋವಿನ ಯಂತ್ರ ಎಂದೇ ಹೆಸರಾಯಿತು. ಇನ್ನು ಮೆಮೊರಿ: ಪ್ರೊಸೆಸರಿಗೆ 256 ಮೆಗಾಬೈಟ್, ಗ್ರಾಫಿಕ್ಸ್‌ಗೆ 256 ಮೆಗಾಬೈಟ್. ಇಂದಿನ ಸಾಧಾರಣ ಮೊಬೈಲ್ ಫೋನಿನಲ್ಲಿ ಇದರ ಹಲವು ಪಟ್ಟು ಮೆಮೊರಿ ಇರುತ್ತದೆ.

2005ರ ಮೇ ತಿಂಗಳಲ್ಲಿ ತೋರಿಸಿದ ಚಿತ್ರ ಈ ಯಾವ ಮಿತಿಗೂ ಒಳಪಟ್ಟಿರಲಿಲ್ಲ. ಅದು ಮದುವೆ ಮನೆಯ ಅಡುಗೆಯಾಗಿತ್ತು. ಅದನ್ನು ಕಾವಲಿಯಿಂದ ಈಗಷ್ಟೇ ಎತ್ತಿದ ದೋಸೆ ಎಂದು ಜನ ತಿಳಿದುಕೊಂಡರು. ಅದೇ ವೇದಿಕೆಯಲ್ಲಿ ತೋರಿಸಿದ ‘ಕಿಲ್‌ಝೋನ್’ ಎಂಬ ಯುದ್ಧದ ಆಟದ ದೃಶ್ಯವೂ ಇಂಥದೇ ಆಗಿತ್ತು. ಯಾವುದು ಯಂತ್ರದಿಂದ ಬಂದದ್ದು, ಯಾವುದು ಯಂತ್ರಕ್ಕಾಗಿ ಕಂಡ ಕನಸು ಎಂದು ನೋಡುಗರಿಗೆ ಬಿಡಿಸಿ ಹೇಳುವ ಕೆಲಸ ಅಲ್ಲಿ ಸರಿಯಾಗಿ ನಡೆಯಲಿಲ್ಲ. ಆಮೇಲೆ ವಾದ ವಿವಾದಗಳಾದವು. ಆದರೆ ಸಂಶಯ ಬಂದಷ್ಟೂ ಆಟದ ಹೆಸರು ಮತ್ತಷ್ಟು ಹರಡಿತು.

ಕಾಯುವಿಕೆ ಎಂಬ ಸರಕು

ಪ್ಲೇಸ್ಟೇಷನ್ 3ನ್ನು 2006ರ ವಸಂತದಲ್ಲಿ ಬಿಡುಗಡೆ ಮಾಡುವುದಾಗಿ ಮೊದಲು ಹೇಳಲಾಗಿತ್ತು. ಅದು ನವೆಂಬರಿಗೆ ಹೋಯಿತು. ಜಪಾನಿನಲ್ಲಿ 2006ರ ನವೆಂಬರ್ 11, ಅಮೆರಿಕದಲ್ಲಿ ನವೆಂಬರ್ 17. ಬ್ಲೂ-ರೇ ಡಿಸ್ಕ್ ಓದುವ ನೀಲಿ ಲೇಸರಿನ ಬಿಡಿಭಾಗ ಸಾಲದೆ ಯುರೋಪಿನವರು 2007ರ ಮಾರ್ಚ್ 23ರವರೆಗೆ ಕಾಯಬೇಕಾಯಿತು. ಮೋಟಾರ್‌ಸ್ಟಾರ್ಮ್ ಕೂಡ ಹೀಗೆಯೇ ತಡವಾಗಿ ಬಂತು. ಜಪಾನಿನಲ್ಲಿ 2006ರ ಡಿಸೆಂಬರ್, ಅಮೆರಿಕ ಹಾಗೂ ಯುರೋಪಿನಲ್ಲಿ 2007ರ ಮಾರ್ಚ್. ಮೊದಲ ದೃಶ್ಯ ಕಂಡ ದಿನದಿಂದ ಹೆಚ್ಚು ಕಡಿಮೆ ಎರಡು ವರ್ಷ.

ಆ ಎರಡು ವರ್ಷಗಳಲ್ಲಿ ಮಾರಾಟವಾದದ್ದು ಏನು? ಆಟ ಇನ್ನೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಇದ್ದದ್ದು ನಿರೀಕ್ಷೆ ಒಂದೇ. ನಿರೀಕ್ಷೆಯಲ್ಲಿ ಕಾದವನು ಬೇರೆ ಕಂಪೆನಿಯ ಯಂತ್ರ ಕೊಳ್ಳುವುದಿಲ್ಲ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಆಗಲೇ 2005ರ ನವೆಂಬರಿನಲ್ಲಿ ಅಂಗಡಿಗೆ ಬಂದಿತ್ತು. ಎದುರಾಳಿ ಒಂದು ವರ್ಷ ಮುಂದಿರುವಾಗ, ತನ್ನ ಗಿರಾಕಿಗಳು ಕೈಯಲ್ಲಿ ಹಣ ಹಿಡಿದು ಸುಮ್ಮನೆ ಕಾಯುವಂತೆ ಮಾಡುವುದು ಸೋನಿಗೆ ವ್ಯಾಪಾರದ ಅಗತ್ಯವಾಗಿತ್ತು. ಗುರಿಚಿತ್ರ ಆ ಕೆಲಸವನ್ನು ಚೆನ್ನಾಗಿ ಮಾಡಿತು. ಜಾಹೀರಾತು ಸಾಮಾನ್ಯವಾಗಿ ಇರುವ ವಸ್ತುವನ್ನು ಹೊಗಳುತ್ತದೆ. ಇಲ್ಲಿ ಇಲ್ಲದ ವಸ್ತುವಿನ ಹೊಗಳಿಕೆ, ಇರುವ ವಸ್ತುವನ್ನು ಕೊಳ್ಳದಂತೆ ಜನರನ್ನು ತಡೆದು ಹಿಡಿಯಿತು.

ಬೆಲೆ ಕಡಿಮೆಯೇನೂ ಇರಲಿಲ್ಲ. ಅಮೆರಿಕದಲ್ಲಿ ಯಂತ್ರಕ್ಕೆ 499 ಮತ್ತು 599 ಡಾಲರ್. 2007ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಸುಮಾರು 40 ಸಾವಿರ ರೂಪಾಯಿ. ಆಗಿನ ಲೆಕ್ಕದಲ್ಲಿ ನಮ್ಮಲ್ಲಿ ಅಷ್ಟು ಹಣಕ್ಕೆ ಒಂದು ಹೊಸ ಮೋಟಾರ್ ಬೈಕು ಸಿಗುತ್ತಿತ್ತು. ತೆರೆಯ ಮೇಲಿನ ಬೈಕಿಗಾಗಿ ನಿಜವಾದ ಬೈಕಿನ ಬೆಲೆ ಕೊಡುವ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿದ್ದವು? ಕರಾವಳಿಯ ಕೆಲವು ಮನೆಗಳಿಗೆ ಗಲ್ಫ್‌ನಿಂದ ಬರುವ ಮಾವನ ಸೂಟ್‌ಕೇಸಿನಲ್ಲಿ ಇಂತಹ ಯಂತ್ರಗಳು ಬಂದಿರಬಹುದು. ಉಳಿದ ಮಕ್ಕಳ ಪಾಲಿಗೆ ಸೈಬರ್ ಕೆಫೆಯ ನಿಧಾನದ ಇಂಟರ್‌ನೆಟ್‌ನಲ್ಲಿ ಇಳಿಸಿಕೊಂಡ, ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುವ ಸಿಡಿಯಲ್ಲಿ ನೋಡಿದ ಟ್ರೇಲರ್ ಒಂದೇ ಆಟವಾಗಿತ್ತು.

ಈ ಕಾರಣದಿಂದಲೇ ಟ್ರೇಲರಿನ ಪ್ರಾಮಾಣಿಕತೆ ಕ್ಷುಲ್ಲಕ ವಿಷಯವಲ್ಲ ಎಂದು ನಾವು ಹೇಳುತ್ತೇವೆ. ಹಣವಿದ್ದವನು ಆಟ ಕೊಂಡು, ಆಡಿ, ‘ಅಯ್ಯೋ, ಇದು ಅಷ್ಟಿಲ್ಲ’ ಎಂದು ತಿಳಿಯುತ್ತಾನೆ. ಹಣವಿಲ್ಲದವನಿಗೆ ಪರೀಕ್ಷಿಸುವ ಅವಕಾಶವೇ ಇಲ್ಲ. ಅವನು ನೋಡಿದ್ದೇ ಸತ್ಯವಾಗಿ ಅವನ ಮನಸ್ಸಿನಲ್ಲಿ ಉಳಿಯುತ್ತದೆ. ತನಗೆ ಸಿಗದೇ ಹೋದದ್ದು ಅಷ್ಟು ದೊಡ್ಡದು ಎಂಬ ಕೊರಗೂ ಅದರ ಜೊತೆಗೆ ಉಳಿಯುತ್ತದೆ. ಕನ್ನಡಿಯೊಳಗಿನ ಗಂಟು ಎಂಬ ನಮ್ಮ ಹಿರಿಯರ ಮಾತು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಕನ್ನಡಿಯ ಎದುರಿಗೂ ಗಂಟು ಇರಲಿಲ್ಲ.

ಕೊನೆಗೆ ಬಂದ ಆಟ

ಹಾಗಾದರೆ ಬಂದ ಆಟ ಕೆಟ್ಟದಾಗಿತ್ತೇ? ಇಲ್ಲ. ಈ ವಿಮರ್ಶೆ ಇಲ್ಲಿಂದ ಮುಂದೆ ನಿಂದನೆಯ ದಾರಿ ಹಿಡಿದರೆ ಅದು ಅನ್ಯಾಯವಾದೀತು.

ಆಟವನ್ನು ರೂಪಿಸಿದ್ದು ಇಂಗ್ಲೆಂಡಿನ ಚೆಷೈರ್ ಪ್ರಾಂತದ ರನ್‌ಕಾರ್ನ್ ಎಂಬ ಊರಿನ ಇವೊಲ್ಯೂಷನ್ ಸ್ಟುಡಿಯೋಸ್. 1999ರಲ್ಲಿ ಆರಂಭವಾದ ಈ ತಂಡ ಪ್ಲೇಸ್ಟೇಷನ್ 2ಕ್ಕಾಗಿ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಆಟಗಳನ್ನು ಮಾಡಿ ಪಳಗಿತ್ತು. ಜಲ್ಲಿ, ಮಣ್ಣು, ಹಿಮದ ಮೇಲೆ ಕಾರು ಹೇಗೆ ಜಾರುತ್ತದೆ ಎಂಬುದು ಅವರಿಗೆ ಕರಗತವಾದ ವಿದ್ಯೆ. ಹೊಸ ಆಟದಲ್ಲಿ ಅವರು ಏಳು ಬಗೆಯ ವಾಹನಗಳನ್ನು ಒಂದೇ ದಾರಿಗೆ ಬಿಟ್ಟರು: ಬೈಕು, ನಾಲ್ಕು ಚಕ್ರದ ಎಟಿವಿ, ಬಗ್ಗಿ, ರ‍್ಯಾಲಿ ಕಾರು, ರೇಸಿಂಗ್ ಟ್ರಕ್, ಕೆಸರು ತುಳಿಯುವ ದೊಡ್ಡ ಜೀಪು, ಭಾರಿ ಲಾರಿ. ದಾರಿ ಒಂದಲ್ಲ, ಒಂದೇ ಓಟದೊಳಗೆ ಹಲವು ಕವಲುಗಳು. ಬೈಕಿನವನು ಬಂಡೆಯ ಅಂಚಿನ ಕಿರುದಾರಿಯಲ್ಲಿ ಹೋದರೆ ಬದುಕಿದ, ತಗ್ಗಿನ ಕೆಸರಿಗೆ ಇಳಿದರೆ ಸಿಕ್ಕಿಬಿದ್ದ. ಲಾರಿಯವನಿಗೆ ಕೆಸರೇ ರಾಜಮಾರ್ಗ. ತನ್ನ ವಾಹನ ಯಾವುದು, ತನ್ನ ದಾರಿ ಯಾವುದು ಎಂದು ಅರಿತವನು ಗೆಲ್ಲುತ್ತಾನೆ. ವೇಗ ಹೆಚ್ಚಿಸುವ ‘ಬೂಸ್ಟ್’ ಗುಂಡಿಯನ್ನು ಅತಿಯಾಗಿ ಒತ್ತಿದರೆ ಎಂಜಿನ್ ಕಾದು ಸಿಡಿಯುತ್ತದೆ. ಆಸೆಗೆ ಒಂದು ಮಿತಿ ಇರಬೇಕೆಂಬ ಪಾಠ ಆಟದ ನಿಯಮದಲ್ಲೇ ಅಡಗಿದೆ.

ಆದರೆ ಈ ಆಟದ ನಿಜವಾದ ಸಾಧನೆ ಕೆಸರು. ಅದಕ್ಕೂ ಹಿಂದಿನ ಹೆಚ್ಚಿನ ಓಟದ ಆಟಗಳಲ್ಲಿ ನೆಲವೆಂದರೆ ಬಣ್ಣ ಬಳಿದ ಹಾಳೆ. ಎಷ್ಟು ವಾಹನ ಹೋದರೂ ಅದು ಹಾಗೆಯೇ ಇರುತ್ತಿತ್ತು. ಮೋಟಾರ್‌ಸ್ಟಾರ್ಮ್‌ನಲ್ಲಿ ಚಕ್ರ ಹೋದಲ್ಲಿ ನೆಲ ಕುಸಿಯುತ್ತದೆ, ಜಾಡು ಬೀಳುತ್ತದೆ, ಆ ಜಾಡು ಅಳಿಯುವುದಿಲ್ಲ. ಮೊದಲ ಸುತ್ತಿನಲ್ಲಿ ಸಮತಟ್ಟಾಗಿದ್ದ ನೆಲ ಮೂರನೆಯ ಸುತ್ತಿಗೆ ಉತ್ತ ಗದ್ದೆಯಂತಾಗುತ್ತದೆ. ಮುಂದೆ ಹೋದ ಲಾರಿ ಕೊರೆದ ಹಳ್ಳದಲ್ಲಿ ಹಿಂದೆ ಬಂದ ಬೈಕು ತಡವರಿಸುತ್ತದೆ. ವಾಹನದ ಮೈಗೆ ಕೆಸರು ಮೆತ್ತಿಕೊಂಡು ಉಳಿಯುತ್ತದೆ. ಮಳೆಗಾಲದಲ್ಲಿ ಕಾಂಕ್ರೀಟು ಕಾಣದ ಹಳ್ಳಿ ರಸ್ತೆಯಲ್ಲಿ ಲಾರಿಯ ಹಿಂದೆ ಸ್ಕೂಟರ್ ಓಡಿಸಿದ ನಮಗೆ ಇದರ ಸತ್ಯ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಗುರಿಚಿತ್ರದಲ್ಲೂ ಕೆಸರಿತ್ತು, ಇದಕ್ಕಿಂತ ಸುಂದರವಾದ ಕೆಸರೇ ಇತ್ತು. ಆದರೆ ಆ ಕೆಸರಿಗೆ ನೆನಪಿರಲಿಲ್ಲ. ಅದು ಯಾರ ಚಕ್ರಕ್ಕೂ ಉತ್ತರಿಸುತ್ತಿರಲಿಲ್ಲ, ಎಷ್ಟು ಸಲ ನೋಡಿದರೂ ಅದೇ ಹನಿ ಅದೇ ಜಾಗಕ್ಕೆ ಚಿಮ್ಮುತ್ತಿತ್ತು. ಆಟದ ಕೆಸರು ಕಣ್ಣಿಗೆ ಸ್ವಲ್ಪ ಒರಟು. ಆದರೆ ಆಡುವವನು ಮಾಡಿದ್ದನ್ನು ಅದು ನೆನಪಿಡುತ್ತದೆ. ಗ್ರಾಫಿಕ್ಸ್ ತಂತ್ರಜ್ಞಾನವನ್ನು ಆಟದಲ್ಲಿ ಯಾವುದರಿಂದ ಅಳೆಯಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ. ಚಿತ್ರ ಎಷ್ಟು ಚೆಂದ ಎಂಬುದು ಸಿನಿಮಾದ ಅಳತೆ. ನಾನು ಮಾಡಿದ್ದಕ್ಕೆ ಆ ಚಿತ್ರ ಎಷ್ಟು ಉತ್ತರ ಕೊಡುತ್ತದೆ ಎಂಬುದು ಆಟದ ಅಳತೆ.

ದುರಂತವೆಂದರೆ, ಎಂಜಿನಿಯರುಗಳ ಈ ದುಡಿಮೆಯನ್ನು ಜನ ಅಳೆದದ್ದು ಸಿನಿಮಾದ ಮಾಪನದಿಂದ. 2006ರಲ್ಲಿ ಯಂತ್ರದಲ್ಲಿ ನಿಜವಾಗಿ ಓಡುವ ಆಟದ ದೃಶ್ಯಗಳು ಹೊರಬಂದಾಗ ಬಹಳಷ್ಟು ಜನರು ಮಾಡಿದ ಮೊದಲ ಕೆಲಸ ಅವನ್ನು 2005ರ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಿದ್ದು. ಅರ್ಧ ಗಿಗಾಬೈಟ್ ಮೆಮೊರಿಯಲ್ಲಿ ನೆಲವನ್ನೇ ಕರಗಿಸಿ ತೋರಿಸಿದ ತಂಡ, ತಾನು ಕೊಟ್ಟದ್ದಕ್ಕೆ ಮೆಚ್ಚುಗೆ ಪಡೆಯುವ ಮೊದಲು ಮಾರಾಟ ವಿಭಾಗ ಕೊಟ್ಟ ಮಾತಿಗೆ ಉತ್ತರ ಹೇಳಬೇಕಾಯಿತು. ಸುಳ್ಳು ನಿರೀಕ್ಷೆಯಿಂದ ಗಿರಾಕಿಗೆ ಆಗುವ ನಷ್ಟ ನಮಗೆ ಗೊತ್ತು. ಅದರಿಂದ ಕೆಲಸಗಾರನಿಗೂ ನಷ್ಟವಿದೆ ಎಂಬುದನ್ನು ನಾವು ಮರೆಯುತ್ತೇವೆ.

ಕೊರತೆಗಳೂ ಇದ್ದವು, ಮುಚ್ಚಿಡಬೇಕಾಗಿಲ್ಲ. ಡಿಸ್ಕಿನಲ್ಲಿ ಇದ್ದದ್ದು ಎಂಟೇ ಓಟದ ದಾರಿಗಳು. ವಾಹನ ಆರಿಸುವಾಗ ಒಂದೊಂದೂ ತೆರೆಗೆ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಟಿವಿಯ ಮುಂದೆ ಕೂತು ಅಣ್ಣ ತಮ್ಮಂದಿರು ಪರದೆ ಹಂಚಿಕೊಂಡು ಆಡುವ ವ್ಯವಸ್ಥೆ ಇರಲಿಲ್ಲ. ಇಂಟರ್‌ನೆಟ್ ಮೂಲಕ 12 ಜನ ಆಡಬಹುದಿತ್ತು, ಪಕ್ಕದಲ್ಲಿ ಕೂತವನ ಜೊತೆ ಆಡುವಂತಿರಲಿಲ್ಲ. ಪರದೆಯನ್ನು ಭಾಗ ಮಾಡಿದರೆ ಅದೇ 33 ಮಿಲಿಸೆಕೆಂಡಿನಲ್ಲಿ ಎರಡೆರಡು ನೋಟಗಳನ್ನು ಬಿಡಿಸಬೇಕಾಗುತ್ತದೆ. ಚಿತ್ರದ ಅಂದಕ್ಕಾಗಿ ಪಕ್ಕದ ಗೆಳೆಯನನ್ನು ಬಿಟ್ಟುಕೊಟ್ಟಂತೆ ನಮಗೆ ಕಂಡಿತು. 2008ರಲ್ಲಿ ಬಂದ ಎರಡನೆಯ ಭಾಗ ‘ಪೆಸಿಫಿಕ್ ರಿಫ್ಟ್’ನಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಆಡಲು ಅವಕಾಶ ಬಂತು ಎಂಬುದು ಸಮಾಧಾನದ ಸಂಗತಿ.

ಯಾರ ಮಣ್ಣಿನ ಧೂಳು?

ಆಟದ ಹಿನ್ನೆಲೆ ಅಮೆರಿಕದ ಮಾನ್ಯುಮೆಂಟ್ ವ್ಯಾಲಿ. ಯೂಟಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಲ್ಲಿರುವ ಈ ಕಣಿವೆಯ ಕೆಲವು ಬಂಡೆಗಳು ನೆಲದಿಂದ ಸಾವಿರ ಅಡಿ ಎದ್ದು ನಿಂತಿವೆ. ಮಣ್ಣಿನ ಕೆಂಪಿಗೆ ಕಾರಣ ಅದರಲ್ಲಿರುವ ಕಬ್ಬಿಣದ ತುಕ್ಕು. ಬೆಳಕು ಬದಲಾದಂತೆ ಆ ಕೆಂಪು ಕಿತ್ತಳೆಯಾಗಿ, ನೇರಳೆಯಾಗಿ ಬದಲಾಗುವುದನ್ನು ಆಟದ ಕಲಾವಿದರು ಶ್ರದ್ಧೆಯಿಂದ ಹಿಡಿದಿದ್ದಾರೆ. ಜಾನ್ ಫೋರ್ಡ್ ಇಲ್ಲಿ ಚಿತ್ರೀಕರಿಸಿದ ‘ಸ್ಟೇಜ್‌ಕೋಚ್’ ಸಿನಿಮಾ 1939ರಲ್ಲಿ ತೆರೆಗೆ ಬಂದಂದಿನಿಂದ ಈ ಬಂಡೆಗಳು ಜಗತ್ತಿಗೆಲ್ಲ ಪರಿಚಿತ.

ಆದರೆ ಇದು ಖಾಲಿ ಬಯಲಲ್ಲ. ಇದು ನವಾಹೊ ಜನರ ನೆಲ. 1958ರಿಂದ ಈ ಕಣಿವೆ ಅವರದೇ ಆಡಳಿತದ ಉದ್ಯಾನವಾಗಿದೆ. ಈ ಮಣ್ಣಿಗೆ ಇನ್ನೊಂದು ಚರಿತ್ರೆಯೂ ಇದೆ. 1944ರಿಂದ 1986ರವರೆಗೆ ನವಾಹೊ ನೆಲದಿಂದ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರನ್ನು ಅಗೆದು ತೆಗೆಯಲಾಯಿತು. ಮಾನ್ಯುಮೆಂಟ್ ವ್ಯಾಲಿ ಪ್ರದೇಶದಲ್ಲೂ ಗಣಿಗಳಿದ್ದವು. ಅಣುಬಾಂಬುಗಳಿಗೆ ಬೇಕಾದ ಆ ಅದಿರನ್ನು ತೆಗೆದ ನವಾಹೊ ಕಾರ್ಮಿಕರಲ್ಲಿ ಅನೇಕರು ಶ್ವಾಸಕೋಶದ ಕಾಯಿಲೆಗಳಿಂದ ಸತ್ತರು. ಗಣಿ ಕಾರ್ಮಿಕರಿಗೆ ಪರಿಹಾರ ನೀಡುವ ಕಾನೂನು ಅಮೆರಿಕದಲ್ಲಿ ಬಂದದ್ದು 1990ರಲ್ಲಿ. ಮುಚ್ಚದೆ ಬಿಟ್ಟ ಐನೂರಕ್ಕೂ ಹೆಚ್ಚು ಗಣಿಗಳು ಆ ನೆಲದಲ್ಲಿ ಉಳಿದವು. ಅಲ್ಲಿನ ಧೂಳು ಬರೀ ಧೂಳಲ್ಲ.

ಓಟದ ಆಟದಿಂದ ಚರಿತ್ರೆಯ ಪಾಠ ನಿರೀಕ್ಷಿಸುವುದು ಅತಿಯಾಯಿತು ಎಂದು ಕೆಲವರು ಹೇಳಬಹುದು. ನಾವು ಪಾಠ ಕೇಳುತ್ತಿಲ್ಲ. ಧೂಳಿನ ಒಂದೊಂದು ಕಣವೂ ನೈಜವಾಗಿದೆ ಎಂದು ಹೆಮ್ಮೆಪಡುವ ಗ್ರಾಫಿಕ್ಸ್, ಆ ಧೂಳಿನಲ್ಲಿ ಬದುಕುವ ಒಬ್ಬ ಮನುಷ್ಯನನ್ನೂ ತೋರಿಸದೆ ಹೋದದ್ದನ್ನು ಗುರುತಿಸುತ್ತಿದ್ದೇವೆ ಅಷ್ಟೆ. ಆಟದಲ್ಲಿ ಆ ಕಣಿವೆ ಹೊರಗಿನಿಂದ ಬಂದ ವೇಗಪ್ರಿಯರ ಜಾತ್ರೆಯ ಮೈದಾನ. ನೈಜತೆ ಎಂಬುದು ಕಣ್ಣಿಗೆ ಮಾತ್ರ ಸಂಬಂಧಿಸಿದ್ದಾದರೆ ಅದು ಅರ್ಧ ನೈಜತೆ.

ಮೂರನೆಯ ಭಾಗಕ್ಕೆ ನೆಲವೇ ಉತ್ತರ ಕೊಟ್ಟಿತು. ‘ಅಪೋಕ್ಯಾಲಿಪ್ಸ್’ ಎಂಬ ಆ ಆಟದ ದಾರಿ ಭೂಕಂಪದಿಂದ ಕುಸಿಯುತ್ತಿರುವ ನಗರ. ಓಡುತ್ತಿರುವಾಗಲೇ ಸೇತುವೆಗಳು, ಕಟ್ಟಡಗಳು ಉರುಳುತ್ತವೆ. ತಾಂತ್ರಿಕವಾಗಿ ಅದ್ಭುತ. ಅದು ಬಿಡುಗಡೆಯಾಗಬೇಕಿದ್ದ ವರ್ಷ 2011. ಆ ವರ್ಷದ ಫೆಬ್ರವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರ ಕುಸಿಯಿತು. ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ ಮತ್ತು ಸುನಾಮಿ. ಸೋನಿ ಬ್ರಿಟನ್ನಿನಲ್ಲಿ ಬಿಡುಗಡೆಯನ್ನು ಮುಂದೂಡಿತು, ಜಪಾನಿನಲ್ಲಿ ತಡೆಹಿಡಿಯಿತು. ಅದು ಸರಿಯಾದ ನಿರ್ಧಾರವೇ. ಕಟ್ಟಡ ಬೀಳುವುದನ್ನು ರಂಜನೆಯಾಗಿ ನೋಡಲು ದೂರ ಬೇಕು. ಆ ದೂರ ಎಷ್ಟು ತೆಳುವಾದದ್ದು ಎಂಬುದು ಆ ಮಾರ್ಚಿನಲ್ಲಿ ಎಲ್ಲರಿಗೂ ತಿಳಿಯಿತು.

ತಂಡಕ್ಕೆ ಏನಾಯಿತು?

ಮೊದಲ ಮೋಟಾರ್‌ಸ್ಟಾರ್ಮ್ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 2007ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ 599 ಡಾಲರಿನ ಹೊಸ ಯಂತ್ರದ ಜೊತೆಗೇ ಈ ಆಟವನ್ನು ಕೊಡಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೋನಿ ಇವೊಲ್ಯೂಷನ್ ಸ್ಟುಡಿಯೋಸ್‌ ಅನ್ನೇ ಕೊಂಡುಕೊಂಡಿತು. ಹೊರಗಿನಿಂದ ನೋಡಿದರೆ ಇದು ಯಶಸ್ಸಿನ ಕಥೆ.

ಮುಂದಿನ ಅಧ್ಯಾಯ ಹಾಗಿಲ್ಲ. 2013ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 4 ಪರಿಚಯವಾದಾಗ ವೇದಿಕೆಯ ಮೇಲೆ ಮತ್ತೆ ಇದೇ ತಂಡವಿತ್ತು. ಈ ಸಲದ ಆಟ ‘ಡ್ರೈವ್‌ಕ್ಲಬ್’. ಯಂತ್ರದ ಜೊತೆಗೇ ಬರುತ್ತದೆ ಎಂದು ಹೇಳಿದ ಆಟ ಸುಮಾರು ಒಂದು ವರ್ಷ ತಡವಾಗಿ, 2014ರ ಅಕ್ಟೋಬರಿನಲ್ಲಿ ಬಂತು. ಬಂದ ದಿನ ಅದರ ಸರ್ವರ್‌ಗಳು ಜನರ ನುಗ್ಗಾಟ ತಾಳದೆ ಕೈಕೊಟ್ಟವು. ಗೆಳೆಯರು ಗುಂಪು ಕಟ್ಟಿಕೊಂಡು ಆಡುವುದೇ ಮುಖ್ಯವಾಗಿದ್ದ ಆಟದಲ್ಲಿ ಗೆಳೆಯರನ್ನು ಸೇರುವುದೇ ಕಷ್ಟವಾಯಿತು. ತಂಡ ಕೈಚೆಲ್ಲಲಿಲ್ಲ. ತಿಂಗಳುಗಟ್ಟಲೆ ದುಡಿದು ಸರಿಪಡಿಸಿತು. ಆ ಡಿಸೆಂಬರಿನಲ್ಲಿ ಸೇರಿಸಿದ ಮಳೆಯ ದೃಶ್ಯ, ಗಾಜಿನ ಮೇಲೆ ಹನಿಗಳು ವೇಗಕ್ಕೆ ತಕ್ಕಂತೆ ಸರಿಯುವ ರೀತಿ, ಇಂದಿಗೂ ಮಾದರಿಯಾಗಿ ಉಳಿದಿದೆ. ಆದರೆ ಕಳೆದುಹೋದ ಮೊದಲ ದಿನ ಮರಳಿ ಬರಲಿಲ್ಲ. 2016ರ ಮಾರ್ಚ್‌ನಲ್ಲಿ ಸೋನಿ ಸ್ಟುಡಿಯೋವನ್ನು ಮುಚ್ಚಿತು. ತಂಡದ ಹಲವರನ್ನು ಕೋಡ್‌ಮಾಸ್ಟರ್ಸ್ ಎಂಬ ಇನ್ನೊಂದು ಸಂಸ್ಥೆ ಸೇರಿಸಿಕೊಂಡಿತು. 2020ರ ಮಾರ್ಚ್ 31ರಂದು ಡ್ರೈವ್‌ಕ್ಲಬ್‌ನ ಸರ್ವರ್‌ಗಳನ್ನೂ ಆರಿಸಲಾಯಿತು. ಹಣ ಕೊಟ್ಟು ಕೊಂಡವರ ಕೈಯಲ್ಲಿ ಅರ್ಧ ಆಟ ಉಳಿಯಿತು.

ಈ ಎಲ್ಲದಕ್ಕೂ ಒಂದು ಟ್ರೇಲರ್ ಕಾರಣ ಎಂದು ನಾವು ಹೇಳುವುದಿಲ್ಲ. ಆದರೆ ಯಂತ್ರ ಮಾರುವುದಕ್ಕಾಗಿ ಆಟಕ್ಕಿಂತ ಮೊದಲು ಮಾತು ಕೊಡುವ, ಆ ಮಾತಿನ ಭಾರವನ್ನು ತಂಡದ ತಲೆಯ ಮೇಲೆ ಇಡುವ ಪದ್ಧತಿ ಎರಡು ಬಾರಿಯೂ ಒಂದೇ ಆಗಿತ್ತು.

ನಾವು ಕೇಳಬೇಕಾದದ್ದು

ಮನೆಯ ಮಕ್ಕಳು ‘ಬರಲಿರುವ’ ಆಟದ ದೃಶ್ಯ ತೋರಿಸಿ ಕಣ್ಣರಳಿಸಿದಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತೇವೆ. ‘ಇದೆಲ್ಲ ದಂಡ, ಓದು ಹೋಗು’ ಎಂದು ಗದರುತ್ತೇವೆ, ಇಲ್ಲವೇ ತಲೆಬುಡ ತಿಳಿಯದೆ ಹಣ ಕೊಟ್ಟು ಸುಮ್ಮನಾಗುತ್ತೇವೆ. ಎರಡರಿಂದಲೂ ಮಗು ಏನೂ ಕಲಿಯುವುದಿಲ್ಲ. ಮೂರನೆಯ ದಾರಿ ಒಂದಿದೆ. ಅವರ ಪಕ್ಕದಲ್ಲಿ ಕೂತು ನೋಡುವುದು, ಕೇಳುವುದು. ಇದು ಆಡುತ್ತಿರುವ ದೃಶ್ಯವೋ, ಬಿಡಿಸಿದ ದೃಶ್ಯವೋ? ಯಾರಾದರೂ ನಿಜವಾಗಿ ಗುಂಡಿ ಒತ್ತುತ್ತಿದ್ದಾರೆಯೇ? ಯಾವ ಯಂತ್ರದಲ್ಲಿ ಓಡುತ್ತಿದೆ, ನಮ್ಮಲ್ಲಿರುವ ಯಂತ್ರದಲ್ಲಿ ಹೀಗೆಯೇ ಇರುತ್ತದೆಯೇ? ಸರ್ವರ್ ನಿಂತ ದಿನ ಇದರಲ್ಲಿ ಏನು ಉಳಿಯುತ್ತದೆ? ಪಕ್ಕದಲ್ಲಿ ಕೂತ ತಮ್ಮನೂ ಆಡಬಹುದೇ? ಬಿಡುಗಡೆಗೆ ಮೊದಲೇ ಹಣ ಕೊಡುವಂತೆ ಅವರು ಯಾಕೆ ಅವಸರ ಮಾಡುತ್ತಾರೆ?

ಇಂದು ಬಹಳಷ್ಟು ಟ್ರೇಲರ್‌ಗಳ ಮೂಲೆಯಲ್ಲಿ ‘ಇದು ಆಟದ ನಿಜ ದೃಶ್ಯವಲ್ಲ’ ಎಂಬ ಚಿಕ್ಕ ಅಕ್ಷರಗಳು ಕಾಣುತ್ತವೆ. ಅಂಥ ಹಳೆಯ ವಿವಾದಗಳಿಂದ ಬಂದ ಒಂದು ಒಳ್ಳೆಯ ಫಲ ಅದು. ಆ ಅಕ್ಷರಗಳನ್ನು ಓದುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದರೆ ಅದು ಆಟಕ್ಕೆ ಮಾತ್ರವಲ್ಲ, ಕೋಚಿಂಗ್ ಸೆಂಟರಿನ ಜಾಹೀರಾತಿಗೂ, ಕಟ್ಟಲಿರುವ ಫ್ಲ್ಯಾಟಿನ ಬಣ್ಣದ ಚಿತ್ರಕ್ಕೂ, ಚುನಾವಣೆಯ ಭರವಸೆಗೂ ಉಪಯೋಗವಾಗುತ್ತದೆ. ಇವೆಲ್ಲವೂ ಒಂದು ರೀತಿಯ ಗುರಿಚಿತ್ರಗಳೇ.

ಹಳೆಯ ಪ್ಲೇಸ್ಟೇಷನ್ 3 ಇನ್ನೂ ಕೆಲಸ ಮಾಡುತ್ತಿರುವ ಮನೆಗಳಲ್ಲಿ ಮೋಟಾರ್‌ಸ್ಟಾರ್ಮ್ ಡಿಸ್ಕ್ ಈಗಲೂ ಓಡುತ್ತದೆ. ಅವಕಾಶ ಸಿಕ್ಕರೆ ಒಮ್ಮೆ ಆಡಿ ನೋಡಿ. ಎರಡನೆಯ ಸುತ್ತಿನಲ್ಲಿ ವೇಗ ತಗ್ಗಿಸಿ, ಮೊದಲ ಸುತ್ತಿನಲ್ಲಿ ನೀವೇ ಕೊರೆದ ಜಾಡನ್ನು ಹುಡುಕಿ. ಅದು ಅಲ್ಲೇ ಇರುತ್ತದೆ. 2005ರಲ್ಲಿ ಯಾರೂ ಅದಕ್ಕಾಗಿ ಕಾದಿರಲಿಲ್ಲ, ಯಾಕೆಂದರೆ ಅದನ್ನು ಯಾವ ಟ್ರೇಲರಿನಲ್ಲೂ ತೋರಿಸಲು ಬರುವುದಿಲ್ಲ.